ಹಡಗೇರಿದ ಕುದುರೆಗೆ ಹೊಣೆ ಯಾರು?

ಪ್ರಯಾಣ ಹೊರಡುವಾಗ ನಾವು ಹೇಳುವ ದುಆ ಪವಿತ್ರ ಕುರ್‌ಆನಿನ ಝುಖ್ರುಫ್ ಅಧ್ಯಾಯದ್ದು. ಬಸ್ಸು ಹತ್ತಿದಾಗ, ಸ್ಕೂಟರಿನ ಕೀಲಿ ತಿರುಗಿಸುವಾಗ, ಗಲ್ಫಿನ ವಿಮಾನ ನೆಲ ಬಿಡುವಾಗ ಅದು ತಾನಾಗಿ ನಮ್ಮ ನಾಲಗೆಗೆ ಬರುತ್ತದೆ. ಮದ್ರಸದ ಪುಟ್ಟ ಮಕ್ಕಳಿಗೂ ಅದು ಬಾಯಿಪಾಠ. ಆ ದುಆಕ್ಕೆ ಮುಂಚಿನ ವಚನದಲ್ಲಿ ಮನುಷ್ಯನ ಸವಾರಿಗಾಗಿ ಅಲ್ಲಾಹನು ಒದಗಿಸಿದ ಎರಡು ಅನುಗ್ರಹಗಳ ಹೆಸರು ಒಟ್ಟಿಗೆ ಬರುತ್ತದೆ: ಹಡಗುಗಳು ಮತ್ತು ಜಾನುವಾರುಗಳು.

ಈ ಎರಡು ಅನುಗ್ರಹಗಳು ಒಂದೇ ಕಡೆ ಸೇರಿದ ಕಥೆಯೂ ನಮಗೆ ಗೊತ್ತು. ಪ್ರವಾದಿ ನೂಹ್(ಅ)ರಿಗೆ ಪ್ರತಿಯೊಂದು ಜೀವಿಯ ಜೋಡಿಯನ್ನು ಹಡಗಿಗೆ ಹತ್ತಿಸುವಂತೆ ಆಜ್ಞೆಯಾದುದನ್ನು ಹೂದ್ ಅಧ್ಯಾಯ ಹೇಳುತ್ತದೆ. ಅಲ್ಲಿ ಪ್ರಾಣಿಗಳು ಹಡಗೇರಿದ್ದು ಬದುಕಿಕೊಳ್ಳಲು. ಆ ಬಳಿಕದ ಶತಮಾನಗಳಲ್ಲಿ ಲಕ್ಷಾಂತರ ಪ್ರಾಣಿಗಳು ಹಾಯಿಹಡಗುಗಳನ್ನು ಏರಿವೆ; ಅವುಗಳಲ್ಲಿ ಹೆಚ್ಚಿನವು ಏರಿದ್ದು ಮನುಷ್ಯನ ಮಾರಾಟಕ್ಕೆ, ಯುದ್ಧಕ್ಕೆ, ಊಟಕ್ಕೆ. ಅರಬ್ಬಿ ಕಡಲನ್ನು ದಾಟಿ ನಮ್ಮದೇ ಕರಾವಳಿಯ ಭಟ್ಕಳ, ಹೊನ್ನಾವರ, ಮಂಗಳೂರಿಗೆ ಬಂದಿಳಿಯುತ್ತಿದ್ದ ಕುದುರೆಗಳ ಚರಿತ್ರೆ ಅಂಥದ್ದು. ಆ ವ್ಯಾಪಾರದಲ್ಲಿ ನಮ್ಮ ಹಿರಿಯರ ಪಾಲು ದೊಡ್ಡದು. ಅದರ ಹಿರಿಮೆಯನ್ನು ಹೇಳುವ ಜೊತೆಗೆ ಅದು ಮುಂದಿಟ್ಟ ಒಂದು ಪ್ರಶ್ನೆಯನ್ನೂ ನಾವು ಎದುರಿಸಬೇಕಾಗುತ್ತದೆ.

ಕುದುರೆ ಕಡಲು ದಾಟಿದ್ದೇಕೆ?

ದಕ್ಷಿಣ ಭಾರತದ ಅರಸರಿಗೆ ಆನೆಗಳಿಗೆ ಕೊರತೆಯಿರಲಿಲ್ಲ. ಕುದುರೆಗೆ ಮಾತ್ರ ಸದಾ ಬರ. ನಮ್ಮ ಬಿಸಿ ತೇವದ ಹವೆ, ಒಳ್ಳೆಯ ಹುಲ್ಲುಗಾವಲಿನ ಅಭಾವ, ಸಾಕುವ ಪದ್ಧತಿಯ ಅರಿವಿಲ್ಲದಿರುವುದು, ಇವೆಲ್ಲ ಸೇರಿ ಇಲ್ಲಿ ಯುದ್ಧಕ್ಕೆ ಯೋಗ್ಯವಾದ ಕುದುರೆ ತಳಿ ಬೆಳೆಯುವುದು ಕಷ್ಟವಾಗಿತ್ತು. ಅತ್ತ ಅರೇಬಿಯಾ ಮತ್ತು ಪರ್ಷಿಯಾದಲ್ಲಿ ಅತ್ಯುತ್ತಮ ಕುದುರೆಗಳಿದ್ದವು. ಹೋರ್ಮುಝ್, ಕೈಸ್ ದ್ವೀಪ, ಒಮಾನಿನ ಕಲ್ಹಾತ್, ಧುಫಾರ್, ಶಿಹ್ರ್, ಏಡನ್ ಬಂದರುಗಳಿಂದ ಅವು ಹಡಗೇರುತ್ತಿದ್ದವು. ಮುಂಗಾರಿನ ಅಬ್ಬರದ ತಿಂಗಳುಗಳಲ್ಲಿ ನಮ್ಮ ಕರಾವಳಿಯ ಬಂದರುಗಳು ಮುಚ್ಚಿರುತ್ತಿದ್ದುದರಿಂದ ಗಾಳಿಯ ಕಾಲ ನೋಡಿಯೇ ಹೊರಡಬೇಕಿತ್ತು. ಕಾಲ, ಋತು ಎಂಬರ್ಥದ ಅರಬಿಯ ‘ಮೌಸಿಮ್’ ಪದವೇ ಇಂದಿನ ‘ಮಾನ್ಸೂನ್’ ಆಗಿದೆ.

ಇರಾನಿನ ಮಂಗೋಲ್ ಅರಸರ ಕಾಲದ ಚರಿತ್ರಕಾರ ವಸ್ಸಾಫ್, ಪರ್ಷಿಯನ್ ಕೊಲ್ಲಿಯ ಬಂದರುಗಳಿಂದ ತಮಿಳುನಾಡಿನ ಮಅಬರ್ ತೀರ ಮತ್ತು ಖಂಬಾಯತ್‌ನಂತಹ ಬಂದರುಗಳಿಗೆ ವರ್ಷಕ್ಕೆ 10 ಸಾವಿರ ಕುದುರೆಗಳು ಹೋಗುತ್ತಿದ್ದವೆಂದು ಬರೆದಿದ್ದಾನೆ. ಒಂದಕ್ಕೆ 220 ಕೆಂಪು ಚಿನ್ನದ ದೀನಾರ್ ಎಂದು ಬೆಲೆ ಗೊತ್ತುಮಾಡಲಾಗಿತ್ತಂತೆ. ಎರಡು ಶತಮಾನಗಳ ಬಳಿಕ ವಿಜಯನಗರದಲ್ಲಿ ಮೂರು ವರ್ಷವಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನುನಿಝ್, ಅಲ್ಲಿನ ಅರಸ ಪ್ರತಿ ವರ್ಷ ಹೋರ್ಮುಝ್ ಕುದುರೆ ಮತ್ತು ನಾಡಕುದುರೆ ಸೇರಿ 13 ಸಾವಿರ ಕೊಳ್ಳುತ್ತಿದ್ದನೆಂದು ಲೆಕ್ಕ ಕೊಡುತ್ತಾನೆ. ಈ ಅಂಕಿಗಳಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದರೂ ವ್ಯಾಪಾರದ ಗಾತ್ರ ಸಣ್ಣದಾಗಿರಲಿಲ್ಲ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ, ಹಜಾರರಾಮ ದೇಗುಲದ ಹೊರಗೋಡೆಯಲ್ಲಿ ಕುದುರೆಗಳ ಸಾಲು ಇಂದಿಗೂ ಕಾಣುತ್ತದೆ. ದಿಬ್ಬದ ಶಿಲ್ಪಗಳಲ್ಲಿ ಪರದೇಶದ ಉಡುಪಿನ ವ್ಯಾಪಾರಿಗಳೂ ಇದ್ದಾರೆ.

ಭಟ್ಕಳ ಈ ವ್ಯಾಪಾರದ ಹೆಬ್ಬಾಗಿಲಾಗಿತ್ತು. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ತೀರವನ್ನು ಕಂಡ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೋಸಾ, ಹೋರ್ಮುಝಿನಿಂದ ಬರುವ ಹಡಗುಗಳು ಅಲ್ಲಿ ಕುದುರೆ ಮತ್ತು ಮುತ್ತುಗಳನ್ನು ಇಳಿಸಿ ಬಿಳಿ ಅಕ್ಕಿ, ಸಕ್ಕರೆ, ಕಬ್ಬಿಣವನ್ನು ತುಂಬಿಕೊಂಡು ಹಿಂದಿರುಗುತ್ತಿದ್ದವೆಂದು ತಿಳಿಸುತ್ತಾನೆ. ಕರಾವಳಿಯ ನವಾಯತ ಮನೆತನಗಳಲ್ಲಿ ಇಂದಿಗೂ ಉಳಿದಿರುವ ‘ನಾಖುದಾ’ ಎಂಬ ಅಡ್ಡಹೆಸರು ಹಡಗಿನ ಒಡೆಯನ, ನಾಯಕನ ಪದವಿಯ ಹೆಸರು.

ಹಾಯಿಯ ಕೆಳಗಿನ ದಿನಗಳು

ಈ ಕುದುರೆಗಳು ಪ್ರಯಾಣ ಮಾಡುತ್ತಿದ್ದುದು ಎಂಥ ಹಡಗಿನಲ್ಲಿ? ಹದಿಮೂರನೆಯ ಶತಮಾನದ ಕೊನೆಯಲ್ಲಿ ಹೋರ್ಮುಝಿನ ಹಡಗುಗಳನ್ನು ಕಂಡ ವೆನಿಸಿನ ಮಾರ್ಕೊ ಪೋಲೊ ಅವುಗಳನ್ನು ಬಣ್ಣಿಸಿದ್ದಾನೆ. ಹಲಗೆಗಳನ್ನು ಕಬ್ಬಿಣದ ಮೊಳೆ ಹೊಡೆದು ಕೂಡಿಸಿದ್ದಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದದ್ದು. ಒಂದೇ ಕೂವೆಮರ, ಒಂದೇ ಹಾಯಿ. ಮೇಲೆ ಮುಚ್ಚಿಗೆಯ ಹಲಗೆಯಿಲ್ಲ. ಸರಕನ್ನು ತುಂಬಿ ಅದರ ಮೇಲೆ ಚರ್ಮದ ಹೊದಿಕೆ ಹಾಸಿ, ಆ ಚರ್ಮದ ಮೇಲೆ ಕುದುರೆಗಳನ್ನು ನಿಲ್ಲಿಸುತ್ತಿದ್ದರು. ತಲೆಯ ಮೇಲೆ ಬಿಸಿಲು, ಕಾಲ ಕೆಳಗೆ ಅಲುಗಾಡುವ ಸರಕು, ಸುತ್ತ ಉಪ್ಪು ನೀರು. ಬಿರುಗಾಳಿ ಎದ್ದರೆ ಇಂಥ ಹಡಗುಗಳಲ್ಲಿ ಎಷ್ಟೋ ಮುಳುಗುತ್ತಿದ್ದವೆಂದೂ ಅವನು ಸೇರಿಸುತ್ತಾನೆ.

ಕುದುರೆ ನಿಂತೇ ತೂಕಡಿಸಬಲ್ಲ ಪ್ರಾಣಿ ಎಂಬುದು ನಿಜ. ಆದರೆ ಗಾಢ ನಿದ್ದೆಗೆ ಅದೂ ನೆಲಕ್ಕೊರಗಬೇಕು. ಇಕ್ಕಟ್ಟಾಗಿ ಕಟ್ಟಿದ ಕುದುರೆಗೆ ವಾರಗಟ್ಟಲೆ ಮಲಗಲು ಸ್ಥಳವೆಲ್ಲಿ? ಮನುಷ್ಯನಿಗೆ ಕಡಲ ಹೊಯ್ದಾಟದಲ್ಲಿ ಹೊಟ್ಟೆ ತೊಳಸಿದರೆ ವಾಂತಿಯಾಗಿ ಸ್ವಲ್ಪ ಹಗುರಾಗುತ್ತದೆ. ಕುದುರೆಯ ದೇಹರಚನೆಯಲ್ಲಿ ವಾಂತಿಗೆ ದಾರಿಯೇ ಇಲ್ಲ. ಹೊಟ್ಟೆನೋವು ಬಂದರೆ ಅದು ಒದ್ದಾಡಿ ಸಾಯುವುದುಂಟು. ಒದ್ದಾಡುವ ಒಂದು ಕುದುರೆ ಪಕ್ಕದ ನಾಲ್ಕನ್ನು ಗಾಯಗೊಳಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಚಿಂತೆ ನೀರಿನದು. ಬಿಸಿಲಿನಲ್ಲಿ ಒಂದು ಕುದುರೆಗೆ ದಿನಕ್ಕೆ ಸುಮಾರು 30 ಲೀಟರ್ ನೀರು ಬೇಕು. ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ ಒಮ್ಮೆ ಕಲ್ಲಿಕೋಟೆಯಿಂದ ಧುಫಾರಿಗೆ ಒಳ್ಳೆಯ ಗಾಳಿಯಲ್ಲಿ 28 ದಿನಗಳಲ್ಲಿ ತಲುಪಿದ್ದರು. ಅಷ್ಟೇ ದಿನಗಳ ಕಡಲದಾರಿಯಲ್ಲಿ 70 ಕುದುರೆಗಳನ್ನು ತರಬೇಕಾದರೆ ಲೆಕ್ಕ ಹಾಕಿ ನೋಡೋಣ. ದಿನಕ್ಕೆ 2,100 ಲೀಟರ್. 28 ದಿನಕ್ಕೆ 58,800 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ಸುಮಾರು 4 ಸಾವಿರ ಕೊಡ. ದಿನಕ್ಕೆ ಎಂಟು ಕಿಲೊದಂತೆ ಒಣಹುಲ್ಲು, ಕಾಳು ಎಂದರೆ ಮತ್ತೆ ಹದಿನೈದು ಟನ್ನಿಗೂ ಹೆಚ್ಚು ಮೇವು. ಇಷ್ಟನ್ನು ಹೊತ್ತರೆ ಮಾರಾಟದ ಸರಕಿಗೆ ಜಾಗ ಕಡಿಮೆಯಾಗುತ್ತದೆ. ಸರಕು ಹೆಚ್ಚು ಹೇರಿದರೆ ನೀರು ಕಡಿಮೆಯಾಗುತ್ತದೆ. ಹೊರಡುವ ಮೊದಲೇ ಬಂದರಿನಲ್ಲಿ ನಿಂತು ನಾಖುದಾ ಮಾಡಬೇಕಾಗಿದ್ದ ಆಯ್ಕೆ ಇದು. ಗಾಳಿ ಕೈಕೊಟ್ಟು ಹಡಗು ನಡುಗಡಲಲ್ಲಿ ನಿಂತರೆ, ಉಳಿದ ನೀರು ಮೊದಲು ಖಲಾಸಿಗಳಿಗೋ ಕುದುರೆಗಳಿಗೋ ಎಂಬ ಪ್ರಶ್ನೆ ಬರುತ್ತದೆ. ಉತ್ತರ ಏನಿರುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಹಡಗುಗಳ ಒಳಗು ಹೇಗಿರುತ್ತಿತ್ತೆಂಬುದಕ್ಕೆ ಇನ್ನೊಬ್ಬ ಸಾಕ್ಷಿ ಇದ್ದಾರೆ. ಹೆರಾತಿನ ಸುಲ್ತಾನ ಶಾರುಖ್ ಕಳಿಸಿದ ರಾಯಭಾರಿ ಅಬ್ದುರ್ರಝಾಕ್ ಸಮರ್ಕಂದಿ 1442ರಲ್ಲಿ ಹೋರ್ಮುಝಿನಿಂದ ಹಡಗೇರಿದರು. ಹಡಗಿನ ವಾಸನೆ ಮೂಗಿಗೆ ಬಡಿದೊಡನೆ, ಕಡಲ ಭಯವೂ ಸೇರಿ ತಾವು ಪ್ರಜ್ಞೆ ತಪ್ಪಿದ್ದಾಗಿಯೂ, ಮೂರು ದಿನ ಉಸಿರಾಟವೊಂದನ್ನು ಬಿಟ್ಟರೆ ಜೀವದ ಕುರುಹೇ ಇರಲಿಲ್ಲವೆಂದೂ ಅವರು ಬರೆದುಕೊಂಡಿದ್ದಾರೆ. ಮರುವರ್ಷ ಅವರು ಮಂಗಳೂರಿನ ದಾರಿಯಾಗಿ ವಿಜಯನಗರ ತಲುಪಿ ಇಮ್ಮಡಿ ದೇವರಾಯನಿಗೆ ಕಾಣಿಕೆ ಒಪ್ಪಿಸಿದರು. ಆ ಕಾಣಿಕೆಯಲ್ಲಿ ಐದು ಸುಂದರ ಕುದುರೆಗಳಿದ್ದವು.

ಇಬ್ನ್ ಬತೂತಾ ಕಂಡ ಹೊನ್ನಾವರ

1342ರಲ್ಲಿ ದಿಲ್ಲಿಯ ಮುಹಮ್ಮದ್ ಬಿನ್ ತುಘ್ಲಕ್ ಚೀನಾದ ಚಕ್ರವರ್ತಿಗೆ ಕಳಿಸಿದ ಉಡುಗೊರೆಯಲ್ಲಿ ಜೀನು ಲಗಾಮು ತೊಡಿಸಿದ 100 ಜಾತಿಕುದುರೆಗಳಿದ್ದವು. ಅದನ್ನು ಕೊಂಡೊಯ್ಯುವ ಹೊಣೆ ಇಬ್ನ್ ಬತೂತಾರದು. ಗುಜರಾತಿನ ಗಂಧಾರ್ ಬಂದರಿನಲ್ಲಿ ‘ಜಾಗೀರ್’ ಎಂಬ ಹಡಗಿಗೆ 70 ಕುದುರೆಗಳನ್ನು ಹತ್ತಿಸಿದರು. ಉಳಿದವುಗಳನ್ನು ಸಂಗಡಿಗರ ಕುದುರೆಗಳೊಂದಿಗೆ ಬೇರೆ ಹಡಗಿಗೆ ಏರಿಸಿದರು. ಅಲ್ಲಿನ ಅರಸ ಮತ್ತೊಂದು ಹಡಗು ಕೊಟ್ಟು ಅದಕ್ಕೆ ನೀರು, ಆಹಾರ, ಮೇವು ತುಂಬಿಸಿಕೊಟ್ಟನೆಂದು ಇಬ್ನ್ ಬತೂತಾ ಪ್ರತ್ಯೇಕವಾಗಿ ನೆನೆಯುತ್ತಾರೆ. ಅರಸರ ಔದಾರ್ಯವನ್ನು ಹೇಳುವಾಗ ಚಿನ್ನ, ರೇಷ್ಮೆಗಳನ್ನೇ ಎಣಿಸುವ ಪ್ರವಾಸಿಗೆ ಅಂದು ಮೇವು ಕೂಡ ಬರೆದಿಡಬೇಕಾದ ಉಪಕಾರವಾಗಿ ಕಂಡಿತ್ತು.

ಕರಾವಳಿಯುದ್ದಕ್ಕೂ ಬಂದ ಅವರು ಹೊನ್ನಾವರದಲ್ಲಿ ಇಳಿದರು. ಅಲ್ಲಿನ ಸುಲ್ತಾನ ಜಮಾಲುದ್ದೀನ್, ಶಾಫಿಈ ಮದ್‌ಹಬಿನ ಧರ್ಮನಿಷ್ಠ ಜನ, ಹುಡುಗರ 23 ಮತ್ತು ಹುಡುಗಿಯರ 13 ಪಾಠಶಾಲೆಗಳು, ಕುರ್‌ಆನ್ ಕಂಠಪಾಠ ಮಾಡಿದ ಹೆಂಗಸರು, ಇದೆಲ್ಲವನ್ನೂ ಅವರು ಮೆಚ್ಚುಗೆಯಿಂದ ದಾಖಲಿಸಿದ್ದಾರೆ. ಮಂಗಳೂರಿನಲ್ಲಿ ಸುಮಾರು 4 ಸಾವಿರ ಮುಸ್ಲಿಮರಿದ್ದರು, ಫಾರ್ಸ್ ಮತ್ತು ಯಮನಿನ ವ್ಯಾಪಾರಿಗಳು ಬಂದಿಳಿಯುತ್ತಿದ್ದರು, ಬದ್ರುದ್ದೀನ್ ಮಅಬರೀ ಎಂಬ ಶಾಫಿಈ ಖಾಝಿ ಇದ್ದರು.

ಉಡುಗೊರೆಯ ಪ್ರಯಾಣ ಕಲ್ಲಿಕೋಟೆಯಲ್ಲಿ ದುರಂತವಾಯಿತು. ಸಾಮಾನು ಸರಂಜಾಮು ಹಡಗೇರಿದ ಮೇಲೆ ಇಬ್ನ್ ಬತೂತಾ ಜುಮಾ ನಮಾಝಿಗಾಗಿ ದಡದಲ್ಲಿ ಉಳಿದರು. ಅಷ್ಟರಲ್ಲಿ ಬಿರುಗಾಳಿ ಎದ್ದು ಉಡುಗೊರೆ ಹೊತ್ತ ದೊಡ್ಡ ಚೀನೀ ಹಡಗು ದಡಕ್ಕಪ್ಪಳಿಸಿ ಒಡೆಯಿತು. ಸಂಗಡಿಗರು ಕಣ್ಮುಂದೆಯೇ ಶವವಾದರು. ಜುಮಾ ನಮಾಝು ಅವರ ಜೀವ ಉಳಿಸಿತು.

ಬರಿಗೈಲಿ ಹೊನ್ನಾವರಕ್ಕೆ ಮರಳಿದ ಅವರು ಬಳಿಕ ಸುಲ್ತಾನ ಜಮಾಲುದ್ದೀನರ ಗೋವೆಯ ದಂಡಯಾತ್ರೆಗೆ ಜೊತೆಯಾದರು. 52 ಹಡಗುಗಳ ಆ ಪಡೆಯಲ್ಲಿ ‘ತರೀದಾ’ ಎಂಬ ಎರಡು ಕುದುರೆ ಹಡಗುಗಳಿದ್ದವು. ಅವುಗಳ ಹಿಂಭಾಗ ತೆರೆದಿರುತ್ತಿತ್ತು. ಸವಾರ ಹಡಗಿನೊಳಗೇ ಕವಚ ತೊಟ್ಟು ಕುದುರೆ ಏರಿ ನೇರವಾಗಿ ದಡಕ್ಕೆ ಧುಮುಕಬಹುದಾಗಿತ್ತು. ಕುದುರೆಯ ಅನುಕೂಲವನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಂಡು ಕಟ್ಟಿದ ಹಡಗು ಅದು. ಇಳಿದ ಗಳಿಗೆಯಲ್ಲೇ ಕುದುರೆ ಓಡಬೇಕು. ಕಾಲು ಜೋಮು ಹಿಡಿದ, ಬಾಯಾರಿದ ಕುದುರೆಯಿಂದ ಅಲ್ಲಿ ಪ್ರಯೋಜನವಿಲ್ಲ.

ಬಾಲಕ್ಕೆ ಕೊಟ್ಟ ಬೆಲೆ

ವ್ಯಾಪಾರದ ಹಡಗಿನಲ್ಲಿ ಲೆಕ್ಕ ಬೇರೆಯಾಗಿತ್ತು. 1485ರಲ್ಲಿ ವಿಜಯನಗರದ ಪಟ್ಟಕ್ಕೆ ಬಂದ ಸಾಳುವ ನರಸಿಂಹನಿಗೆ ಕುದುರೆ ಪಡೆ ಬೇಕಾಗಿತ್ತು. ಉತ್ತರದಲ್ಲಿ ಬಹಮನಿ ಸುಲ್ತಾನರು, ಈಶಾನ್ಯದಲ್ಲಿ ಒಡಿಶಾದ ಗಜಪತಿಗಳು. ಕುದುರೆ ಹಡಗುಗಳು ತನ್ನ ಬಂದರುಗಳಿಗೆ ಬರಬೇಕಾದರೆ ವ್ಯಾಪಾರಿಗಳ ಭಯ ನೀಗಿಸಬೇಕು. ಆತ ಮಾಡಿದ ಏರ್ಪಾಟನ್ನು ನುನಿಝ್ ಬರೆದಿದ್ದಾನೆ. ಹೋರ್ಮುಝ್, ಏಡನ್‌ಗಳಿಂದ ಬಂದ ಕುದುರೆಗಳನ್ನು, ಜೀವಂತವಿರಲಿ ಸತ್ತಿರಲಿ, ಸಾವಿರ ಪರ್ದಾವ್‌ಗೆ (ನಮ್ಮ ವರಹಕ್ಕೆ ಪೋರ್ಚುಗೀಸರು ಇಟ್ಟ ಹೆಸರು) ಮೂರರಂತೆ ಕೊಳ್ಳುವುದು. ಕಡಲಲ್ಲಿ ಸತ್ತ ಕುದುರೆಯ ಬಾಲವನ್ನು ಕತ್ತರಿಸಿ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ಪೂರ್ತಿ ಬೆಲೆ ಸಂದಾಯ.

ಇದು ನರಸಿಂಹನ ಹೊಸ ಯೋಚನೆಯೇನೂ ಅಲ್ಲ. ದಾರಿಯಲ್ಲಿ ಸತ್ತ ಕುದುರೆಗೂ ಅರಸನ ಖಜಾನೆಯಿಂದ ಹಣ ಕೊಡಬೇಕೆಂಬ ಕರಾರು ಮಅಬರಿನಲ್ಲಿ ಆಗಲೇ ಇತ್ತೆಂದು ವಸ್ಸಾಫನ ಬರಹದಿಂದ ತಿಳಿಯುತ್ತದೆ. ವ್ಯಾಪಾರಿಯ ದೃಷ್ಟಿಯಲ್ಲಿ ಅದು ನ್ಯಾಯವೇ. ಬಿರುಗಾಳಿ ಅವನ ಕೈಯಲ್ಲಿಲ್ಲ. ಬಂಡವಾಳವೆಲ್ಲ ಹಾಕಿ ತಂದ ಕುದುರೆ ದೈವೇಚ್ಛೆಯಿಂದ ಸತ್ತರೆ ಅವನೊಬ್ಬನೇ ಏಕೆ ಹಾಳಾಗಬೇಕು? ಈ ಭರವಸೆ ಇಲ್ಲದಿದ್ದರೆ ಎಷ್ಟೋ ಜನ ಈ ಕೆಲಸಕ್ಕೆ ಇಳಿಯುತ್ತಲೇ ಇರಲಿಲ್ಲ.

ಆದರೆ ಬಾಲ ಎಲ್ಲವನ್ನೂ ಹೇಳುವುದಿಲ್ಲ. ಕುದುರೆ ಬಿರುಗಾಳಿಗೆ ಸಿಕ್ಕಿ ಸತ್ತಿತೋ, ನೀರಿಲ್ಲದೆ ಸತ್ತಿತೋ, ನಲವತ್ತು ಹಿಡಿಸುವಲ್ಲಿ ಎಪ್ಪತ್ತು ತುರುಕಿದ್ದರಿಂದ ಸತ್ತಿತೋ, ಅದು ಬಾಲದಿಂದ ತಿಳಿಯದು. ಅರಸ ಕೇಳಿದ್ದು ಎಷ್ಟು ಬಾಲ ಎಂದು. ಹೇಗೆ ಸತ್ತಿತು ಎಂದಲ್ಲ. ಹಾಗೆ ಕೇಳದ ಕಡೆ ದೇವಭಯವುಳ್ಳ ವ್ಯಾಪಾರಿ ಎರಡು ಪೀಪಾಯಿ ನೀರು ಹೆಚ್ಚಿಗೆ ಹೇರಿ ನಷ್ಟಪಡುತ್ತಾನೆ. ಅದಿಲ್ಲದವನು ಅಷ್ಟೇ ಜಾಗದಲ್ಲಿ ಸರಕು ತುಂಬಿ ಲಾಭ ಪಡೆಯುತ್ತಾನೆ. ದಡದಲ್ಲಿ ಇಬ್ಬರಿಗೂ ಒಂದೇ ಬೆಲೆ.

ದಡಕ್ಕೆ ಬಂದ ಮೇಲೂ ಕುದುರೆಯ ಕಷ್ಟ ಮುಗಿಯುತ್ತಿರಲಿಲ್ಲ. ಮಅಬರಿನ ಅರಸರು ಕುದುರೆಗಳಿಗೆ ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಿದ್ದರೆಂದು ಪೋಲೊ, ಬೆಣ್ಣೆಯಲ್ಲಿ ಬೇಯಿಸಿದ ಕಾಳು ಮತ್ತು ಕಾಯಿಸಿದ ಹಾಲು ಕೊಡುತ್ತಿದ್ದರೆಂದು ವಸ್ಸಾಫ್ ಬರೆಯುತ್ತಾರೆ. ಪ್ರೀತಿಗೆ ಕೊರತೆಯಿರಲಿಲ್ಲ, ತಿಳಿವಳಿಕೆ ಇರಲಿಲ್ಲ. ಕೊಂಡ ಸಾವಿರಾರು ಕುದುರೆಗಳಲ್ಲಿ ವರ್ಷದ ಕೊನೆಗೆ ನೂರೂ ಉಳಿಯುತ್ತಿರಲಿಲ್ಲವಂತೆ. ಪೋಲೊ ಇನ್ನೂ ಒಂದು ಮಾತು ಸೇರಿಸುತ್ತಾನೆ: ಲಾಳ ಹೊಡೆದು ಕುದುರೆಯ ರೋಗ ನೋಡಬಲ್ಲವರು ಭಾರತಕ್ಕೆ ಹೋಗದಂತೆ ವ್ಯಾಪಾರಿಗಳು ತಡೆಯುತ್ತಿದ್ದರು, ಕುದುರೆಗಳು ಸಾಯುತ್ತಿದ್ದಷ್ಟು ಕಾಲ ಅವರ ವ್ಯಾಪಾರ ನಡೆಯುತ್ತದೆ. ಇದು ಪರದೇಶದ ಇನ್ನೊಬ್ಬ ವ್ಯಾಪಾರಿಯ ಆರೋಪ, ಎಲ್ಲರಿಗೂ ಅನ್ವಯಿಸಲಾರದು. ಹಾಗಿದ್ದರೂ ಸಾವಿನಿಂದ ಲಾಭವಾಗುವ ವ್ಯಾಪಾರದಲ್ಲಿ ಇಂಥ ಆಮಿಷ ಹುಟ್ಟುತ್ತದೆ ಎಂಬುದನ್ನು ಅಲ್ಲಗಳೆಯಲಾಗದು.

ಸ್ವಹೀಹ್ ಹದೀಸ್ ಗ್ರಂಥಗಳಲ್ಲಿ ಪ್ರವಾದಿ(ಸ)ರು ಕುದುರೆಯ ಹಣೆಗೂದಲನ್ನು ಬೆರಳಲ್ಲಿ ಸುತ್ತುತ್ತಾ, ಅಂತ್ಯದಿನದವರೆಗೂ ಅದರಲ್ಲಿ ಒಳಿತು ಬೆಸೆದಿದೆ ಎಂಬರ್ಥದ ಮಾತು ಹೇಳಿದ್ದು ವರದಿಯಾಗಿದೆ. ಆ ಮಾತನ್ನು ಕಲಿತು ಬೆಳೆದವರ ಹಡಗುಗಳಿಂದ ದಡಕ್ಕೆ ಬಾಲಗಳ ಕಟ್ಟು ಇಳಿಯುತ್ತಿತ್ತು ಎಂಬುದು ಓದುವಾಗ ಚುಚ್ಚುತ್ತದೆ.

1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಬಳಿಕ ಕುದುರೆ ಹಡಗುಗಳೆಲ್ಲ ತಮ್ಮ ಬಂದರಿಗೇ ಬರುವಂತೆ ಬಲವಂತ ಮಾಡಿ, ಪ್ರತಿ ಕುದುರೆಗೂ ಸುಂಕ ವಸೂಲಿ ಮಾಡಿದರು. ಭಟ್ಕಳ, ಹೊನ್ನಾವರಗಳ ಕುದುರೆ ವ್ಯಾಪಾರ ಕುಗ್ಗಿತು. ಲಾಭ ಯಾರ ಜೇಬಿಗೆ ಎಂಬುದು ಬದಲಾಯಿತು. ಚರ್ಮದ ಹಾಸಿನ ಮೇಲೆ ನಿಂತ ಕುದುರೆಯ ಪಾಡು ಬದಲಾಗಲಿಲ್ಲ.

ಬೆಕ್ಕು ಮತ್ತು ಜಿರಾಫೆ

ಹೊಣೆಯ ಪ್ರಶ್ನೆಗೆ ಬೇರೆಡೆ ಬೇರೆ ಉತ್ತರಗಳೂ ಸಿಕ್ಕಿವೆ. ಹಾಯಿಹಡಗುಗಳಲ್ಲಿ ಇಲಿಯ ಕಾಟ ಎಲ್ಲ ಸಮುದ್ರಗಳಲ್ಲೂ ಇತ್ತು. ಧಾನ್ಯ, ಬಟ್ಟೆ, ಹಗ್ಗ, ಹಾಯಿ ಯಾವುದನ್ನೂ ಅವು ಬಿಡುತ್ತಿರಲಿಲ್ಲ. ಅದಕ್ಕಾಗಿ ಬೆಕ್ಕು ಸಾಕುತ್ತಿದ್ದರು. ಮಧ್ಯಯುಗದ ಮೆಡಿಟರೇನಿಯನ್ ಕಡಲಲ್ಲಿ ಜಾರಿಯಲ್ಲಿದ್ದ ಕ್ಯಾಟಲೋನಿಯಾದ ಹಡಗು ಕಾನೂನು ‘ಕೊನ್ಸೊಲಾತ್ ದೆ ಮಾರ್’ನಲ್ಲಿ ಇದರ ಬಗ್ಗೆ ನಿಯಮವೇ ಇತ್ತು. ಇಲಿ ಸರಕು ಕಡಿದು ಹಾಳು ಮಾಡಿದ್ದರೆ ಮೊದಲು ಕೇಳಬೇಕಾದದ್ದು ಹಡಗಿನಲ್ಲಿ ಬೆಕ್ಕು ಇತ್ತೇ ಎಂದು. ಇರಲಿಲ್ಲವಾದರೆ ನಷ್ಟ ಹಡಗಿನವನ ತಲೆಗೆ. ಬೆಕ್ಕು ಇಟ್ಟಿದ್ದು, ದಾರಿಯಲ್ಲಿ ಅದು ಸತ್ತು, ಇನ್ನೊಂದು ಬೆಕ್ಕು ಸಿಗುವ ಊರು ತಲುಪುವ ಮೊದಲೇ ನಷ್ಟವಾಗಿದ್ದರೆ ಅವನು ಹೊಣೆಯಲ್ಲ. ಈ ಕಾನೂನು ನಷ್ಟದ ಗಾತ್ರ ನೋಡುವ ಮೊದಲು ಜಾಗ್ರತೆ ನೋಡುತ್ತಿತ್ತು. ಕುದುರೆ ಬಾಲದ ಕರಾರಿನಲ್ಲಿ ಕೇಳದೇ ಬಿಟ್ಟ ಪ್ರಶ್ನೆ ಇದೇ.

ಇನ್ನೊಂದು ಉದಾಹರಣೆ ಜಿರಾಫೆಯದು. 1414ರಲ್ಲಿ ಬಂಗಾಳದ ಸುಲ್ತಾನರ ಕಾಣಿಕೆಯಾಗಿ ಒಂದು ಜಿರಾಫೆ ಚೀನಾದ ಆಸ್ಥಾನ ತಲುಪಿತು. ಮರುವರ್ಷ ಪೂರ್ವ ಆಫ್ರಿಕಾದ ಮಾಲಿಂದಿಯಿಂದ ಇನ್ನೊಂದು ಬಂತು. ಯುನ್ನಾನಿನ ಮುಸ್ಲಿಮ್ ಮನೆತನದಲ್ಲಿ ಹುಟ್ಟಿದ ಝೆಂಗ್ ಹೆ ಚೀನಾದ ಮಹಾ ನೌಕಾಯಾತ್ರೆಗಳನ್ನು ನಡೆಸುತ್ತಿದ್ದ ಕಾಲವದು. ಬಂಗಾಳದ ಜಿರಾಫೆಯೂ ಆಫ್ರಿಕಾದ್ದೇ ಆದುದರಿಂದ ಅದು ಎರಡು ದೀರ್ಘ ಸಮುದ್ರಯಾನ ದಾಟಿ ಬದುಕಿತ್ತು. ಚೀನೀಯರು ಅದನ್ನು ಶುಭ ಸೂಚಕವಾದ ದಿವ್ಯಮೃಗವೆಂದೇ ನಂಬಿದರು. ಮನೆಯಷ್ಟು ಎತ್ತರದ, ತಲೆ ಬಗ್ಗಿಸಲೂ ಕಷ್ಟಪಡುವ ಒಂದು ಕಾಡುಮೃಗವನ್ನು ಹಾಯಿಹಡಗಿನಲ್ಲಿ ಸಾವಿರಾರು ಮೈಲಿ ಸಾಗಿಸಿ ಜೀವಂತ ಇಳಿಸಿದ ಅನಾಮಧೇಯ ಖಲಾಸಿಗಳು ಎಷ್ಟು ಎಚ್ಚರ ವಹಿಸಿರಬೇಕು! ಜಿರಾಫೆಯ ಬಾಲವನ್ನು ಕತ್ತರಿಸಿ ತಂದರೆ ಚಕ್ರವರ್ತಿಯಿಂದ ಏನೂ ಸಿಗುತ್ತಿರಲಿಲ್ಲ. ಹಾಗಾಗಿ ಜಿರಾಫೆ ಬದುಕಿತು. ಪ್ರಾಣಿಯನ್ನು ಕಡಲಲ್ಲಿ ಬದುಕಿಸುವ ವಿದ್ಯೆ ಆ ಕಾಲದವರಿಗೆ ಗೊತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮ್ಮ ವಿದ್ವಾಂಸರು ಏನು ಹೇಳಿದ್ದರು?

ಮಾರ್ಕೊ ಪೋಲೊ ತನ್ನ ಪ್ರಯಾಣಕ್ಕೆ ಹೊರಟ ಕಾಲದಲ್ಲೇ ದಮಾಸ್ಕಸ್‌ನಲ್ಲಿ ಇಮಾಮ್ ನವವಿ(ರ) ಶಾಫಿಈ ಕರ್ಮಶಾಸ್ತ್ರವನ್ನು ಬರೆಯುತ್ತಿದ್ದರು. ಹಿಜರಿ 676ರಲ್ಲಿ, ಅಂದರೆ ಕ್ರಿ.ಶ. 1277ರಲ್ಲಿ, ಅವರು ನಿಧನರಾದರು. ಅವರ ‘ರೌದತುತ್ತಾಲಿಬೀನ್’ನಲ್ಲಿ ಮುಳುಗುವ ಹಡಗಿನ ಚರ್ಚೆ ಬರುತ್ತದೆ. ಭಾರ ಇಳಿಸದಿದ್ದರೆ ಹಡಗು ಉಳಿಯದು ಎಂದಾದಾಗ ಏನನ್ನು ಎಸೆಯಬೇಕು? ಅಲ್ಲಿರುವ ಕ್ರಮ ಸ್ಪಷ್ಟ. ಜೀವವಿರುವುದನ್ನು ಉಳಿಸಲು ಜೀವವಿಲ್ಲದ್ದನ್ನು ಎಸೆಯುವುದು ಕಡ್ಡಾಯ. ಸರಕು ಎಸೆದರೆ ಹಡಗು ಉಳಿಯುತ್ತದೆಂದಾದರೆ ಪ್ರಾಣಿಗಳನ್ನು ಎಸೆಯುವುದು ಸಲ್ಲದು. ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನುಷ್ಯರ ಜೀವ ಉಳಿಸಲು ಪ್ರಾಣಿಗಳ ಸರದಿ. ಅಂದರೆ ಬೆಲೆ ಎಷ್ಟೇ ಇರಲಿ, ರೇಷ್ಮೆ ಮುತ್ತುಗಳ ಮೂಟೆ ಮೊದಲು ಕಡಲಿಗೆ ಹೋಗಬೇಕು, ಕುದುರೆ ಆಮೇಲೆ.

ಸಾಕುಪ್ರಾಣಿಗೆ ಮೇವು ನೀರು ಕೊಡುವುದು ಒಡೆಯನ ಕಡ್ಡಾಯ ಹೊಣೆ ಎಂದೂ ಶಾಫಿಈ ಗ್ರಂಥಗಳು ಹೇಳುತ್ತವೆ. ಕೊಡಲೊಪ್ಪದವನನ್ನು ಖಾಝಿ ಕರೆಸಿ, ಮೇವು ಹಾಕು, ಇ‌ಲ್ಲವೇ ಮಾರು, ತಿನ್ನಬಹುದಾದ ಪ್ರಾಣಿಯಾದರೆ ಝಬಹ್ ಮಾಡು ಎಂದು ಬಲವಂತಪಡಿಸಬಹುದು. ಕರುವಿಗೆ ಹಾನಿಯಾಗುವಷ್ಟು ಹಾಲು ಕರೆಯಬಾರದೆಂಬ ನಿಯಮವೂ ಅಲ್ಲೇ ಇದೆ. ಇದೇ ಮದ್‌ಹಬಿನ ಖಾಝಿಗಳು ಅಂದು ಮಂಗಳೂರಿನಲ್ಲಿದ್ದರು. ಕುದುರೆ ಹಡಗುಗಳು ಬಂದು ನಿಲ್ಲುತ್ತಿದ್ದ ಬಂದರುಗಳಲ್ಲಿ ಈ ಕಾನೂನು ಅಪರಿಚಿತವಾಗಿರಲಿಲ್ಲ.

ಇದರ ಬೇರು ಎಲ್ಲರೂ ಬಲ್ಲ ಒಂದು ಹದೀಸಿನಲ್ಲಿದೆ. ಬೆಕ್ಕನ್ನು ಕಟ್ಟಿಹಾಕಿ ಸಾಯಿಸಿದ ಹೆಂಗಸಿಗೆ ಶಿಕ್ಷೆಯಾಯಿತೆಂದು ಪ್ರವಾದಿ(ಸ)ರು ಹೇಳಿದಾಗ ಅವಳ ಎರಡು ತಪ್ಪುಗಳನ್ನು ಎತ್ತಿ ತೋರಿಸಿದರು. ತಾನೂ ಉಣಿಸಲಿಲ್ಲ, ನೆಲದ ಮೇಲಿನ ಹುಳುಹುಪ್ಪಟೆ ತಿಂದು ಬದುಕಲು ಬಿಡಲೂ ಇಲ್ಲ. ಮನೆಯಲ್ಲಿ ಕಟ್ಟಿದ ಪ್ರಾಣಿಯ ಹಗ್ಗ ಬಿಚ್ಚಿದರೆ ಅದಕ್ಕೊಂದು ದಾರಿ ಇದೆ. ಹಡಗಿನಲ್ಲಿ ಹಗ್ಗ ಬಿಚ್ಚಿದರೂ ಸುತ್ತ ಕಡಲು. ಅಲ್ಲಿ ಎರಡನೆಯ ದಾರಿ ಮೊದಲೇ ಮುಚ್ಚಿದೆ. ಆದುದರಿಂದ ಹಡಗೇರಿಸಿದ ಗಳಿಗೆಯಿಂದ ಇಳಿಸುವ ಗಳಿಗೆಯವರೆಗೆ ಪ್ರಾಣಿಯ ಪ್ರತಿ ಗುಟುಕಿಗೂ ಏರಿಸಿದವನೇ ಹೊಣೆ. ಬಾಯಿಲ್ಲದ ಜೀವಿಗಳ ವಿಷಯದಲ್ಲಿ ಅಲ್ಲಾಹನನ್ನು ಭಯಪಡಬೇಕೆಂದು, ಹಸಿವಿನಿಂದ ಬಳಲಿದ ಒಂಟೆಯನ್ನು ಕಂಡಾಗ ಪ್ರವಾದಿ(ಸ)ರು ಎಚ್ಚರಿಸಿದ್ದೂ ನಮಗೆ ಗೊತ್ತಿದೆ.

ಹಾಯಿ ಹೋದರೂ ಉಳಿದ ಪ್ರಶ್ನೆ

ಹಾಯಿಹಡಗುಗಳ ಕಾಲ ಮುಗಿದಿದೆ. ಕಡಲಲ್ಲಿ ಪ್ರಾಣಿ ಸಾಗಿಸುವುದು ಮುಗಿದಿಲ್ಲ. 2019ರ ನವೆಂಬರ್‌ನಲ್ಲಿ ರುಮೇನಿಯದಿಂದ ಸೌದಿ ಅರೇಬಿಯಾಕ್ಕೆ 14 ಸಾವಿರಕ್ಕೂ ಹೆಚ್ಚು ಕುರಿಗಳನ್ನು ಹೊತ್ತು ಹೊರಟ ‘ಕ್ವೀನ್ ಹಿಂದ್’ ಹಡಗು ಬಂದರಿನ ಬಳಿಯೇ ಮಗುಚಿತು. ನಾವಿಕರೆಲ್ಲ ಪಾರಾದರು, ಕುರಿಗಳಲ್ಲಿ ಬದುಕಿದ್ದು ಮುನ್ನೂರಕ್ಕೂ ಕಡಿಮೆ. 2022ರ ಜೂನ್‌ನಲ್ಲಿ, ಹಜ್ಜಿಗೆ ಕೆಲವೇ ವಾರಗಳಿರುವಾಗ, ಸುಡಾನಿನ ಸವಾಕಿನ್ ಬಂದರಿನಲ್ಲಿ ‘ಬದ್ರ್ 1’ ಹಡಗು ಮುಳುಗಿತು. ಸುಮಾರು 9 ಸಾವಿರ ಕುರಿ ಹಿಡಿಸುವ ಆ ಹಡಗಿಗೆ 15 ಸಾವಿರಕ್ಕೂ ಹೆಚ್ಚು ಕುರಿಗಳನ್ನು ತುಂಬಲಾಗಿತ್ತೆಂದು ವರದಿಯಾಯಿತು. ಆ ಕುರಿಗಳೂ ಸೌದಿಗೇ ಹೊರಟಿದ್ದವು. ಸುದ್ದಿಯಲ್ಲಿ ನಷ್ಟವನ್ನು ಡಾಲರಿನಲ್ಲಿ ಎಣಿಸಿದರು. ಐನೂರು ವರ್ಷಗಳ ಹಿಂದೆ ಬಾಲದಲ್ಲಿ ಎಣಿಸುತ್ತಿದ್ದರು.

ಇದು ನಮಗೆ ದೂರದ ಮಾತೂ ಅಲ್ಲ. ಪ್ರತಿ ಬಕ್ರೀದಿಗೆ ಬನ್ನೂರು, ಅಮೀನಗಡದ ಕುರಿಗಳು ಲಾರಿ, ಪಿಕಪ್ ಹತ್ತಿ ಬೆಂಗಳೂರಿನ ಸಂತೆಗೆ ಬರುತ್ತವೆ. ಅಲ್ಲಿಂದ ಆಟೊದ ಹಿಂಬದಿಯಲ್ಲಿ, ಸ್ಕೂಟರಿನ ಕಾಲಡಿಯಲ್ಲಿ ನಮ್ಮ ಮನೆಗಳಿಗೆ ಬರುತ್ತವೆ. ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಕೊಂಬು ನೋಡುತ್ತೇವೆ, ಕಾಲು ಕುಂಟುತ್ತದೆಯೇ ಎಂದು ನಡೆಸಿ ನೋಡುತ್ತೇವೆ. ಖುರ್ಬಾನಿಗೆ ಯೋಗ್ಯವೇ ಎಂಬ ಪರೀಕ್ಷೆ ಅದು, ಅಗತ್ಯವೇ. ಅದರ ಜೊತೆಗೆ ಮಾರುವವನಲ್ಲಿ ಇನ್ನೆರಡು ಮಾತು ಕೇಳಬಹುದು: ಯಾವ ಊರಿಂದ ಬಂತು, ದಾರಿಯಲ್ಲಿ ನೀರು ಕುಡಿಸಿದಿರಾ, ಲಾರಿಯಲ್ಲಿ ಎಷ್ಟಿದ್ದವು. ಕೊಳ್ಳುವವರೆಲ್ಲ ಹೀಗೆ ಕೇಳತೊಡಗಿದರೆ ಮುಂದಿನ ವರ್ಷ ಅದೇ ಲಾರಿಯಲ್ಲಿ ಕುರಿಗಳ ಸಂಖ್ಯೆ ಇಳಿಯುತ್ತದೆ. ವ್ಯಾಪಾರಿ ಕೊಳ್ಳುವವನ ಪ್ರಶ್ನೆಗೆ ತಕ್ಕಂತೆ ನಡೆಯುತ್ತಾನೆ ಎಂಬುದನ್ನು ವಿಜಯನಗರದ ಕುದುರೆ ವ್ಯಾಪಾರದಲ್ಲೇ ಕಂಡೆವು. ಮನೆಗೆ ತಂದ ಕುರಿಯ ಮುಂದೆ ಮೊದಲು ಒಂದು ಬಕೆಟ್ ನೀರಿಡುವ ಕೆಲಸವನ್ನು ಮಕ್ಕಳ ಕೈಯಿಂದಲೇ ಮಾಡಿಸೋಣ.

ಬಾಯಿಲ್ಲದ ಜೀವಿಗಳ ಹಕ್ಕನ್ನು ಅರಿತು ನಡೆಯುವ ತೌಫೀಕನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.